ಓದೋಕೆ ಮನಸ್ಸೇ ಬರ್ತಿಲ್ಲ ಸಾರ್!

(ಹತ್ತನೇ ತರಗತಿಯವರಿಗಾಗಿ, ನಿಮ್ಮ ಗಣಿತ ಮೇಷ್ಟ್ರಿಂದ)



ನಮ್ಮ ಶಾಲೆಯ ಪ್ರಶ್ನೆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಲೆಕ್ಕದ ಅನುಮಾನಗಳು ಇರುತ್ತವೆ. ಕಳೆದ ಶನಿವಾರ ತೆಗೆದಾಗ ಒಂದು ಚೀಟಿ ಬೇರೆ ಥರ ಇತ್ತು. ಹೆಸರು ಬರೆದಿರಲಿಲ್ಲ. ಅದರಲ್ಲಿ ಹೀಗಿತ್ತು:

"ಸಾರ್, ಎಂಟನೇ ಕ್ಲಾಸಿನ ತನಕ ಚೆನ್ನಾಗೇ ಓದ್ತಿದ್ದೆ. ಈಗ ಪುಸ್ತಕ ತೆಗೆದರೆ ನಿದ್ದೆ ಬರುತ್ತೆ. ಓದೋಕೆ ಮನಸ್ಸೇ ಬರ್ತಿಲ್ಲ. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ 80ಕ್ಕೆ 19 ಬಂತು. ಮಾರ್ಚಲ್ಲಿ ಫೇಲಾದ್ರೆ ಗಾರ್ಮೆಂಟ್ಸಿಗೆ ಕಳಿಸ್ತೀನಿ ಅಂತ ಅಪ್ಪ ಹೇಳಿದಾರೆ. ಏನ್ ಮಾಡ್ಲಿ?"

ಈ ಚೀಟಿ ಬರೆದವರು ಯಾರು ಅಂತ ನಾನು ಹುಡುಕಲು ಹೋಗಲಿಲ್ಲ. ಏಕೆಂದರೆ ಇದು ಒಬ್ಬರ ಪ್ರಶ್ನೆ ಅಲ್ಲ. ತರಗತಿಯಲ್ಲಿ ಕೂತಿರುವ ಅರ್ಧ ಜನರ ಪ್ರಶ್ನೆ. ಅದಕ್ಕೇ ಉತ್ತರವನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಕೇಳಿ

ನಾನೂ ಹಳ್ಳಿ ಶಾಲೆಯಲ್ಲೇ ಓದಿದವನು. 1994ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗನಾಗಿ ಪಾಸಾದೆ. ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಪೇಟೆಗೆ ಹೋಗಿ ಪಿ.ಯು.ಸಿ. ಸೈನ್ಸ್ ಸೇರಿದೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆಗಸ್ಟಿನಲ್ಲಿ ಮೊದಲ ಟೆಸ್ಟು ಆಯಿತು. ಫಿಸಿಕ್ಸಿನಲ್ಲಿ 50ಕ್ಕೆ 7 ಬಂತು. ಪೇಪರನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಂಜೆವರೆಗೂ ಕೂತಿದ್ದೆ. ಮಾರನೇ ದಿನ ಟ್ರಂಕು ಹೊತ್ತುಕೊಂಡು ಊರಿಗೆ ಬಂದುಬಿಟ್ಟೆ. ಅಮ್ಮನಿಗೆ "ಕಾಲೇಜಿಗೆ ರಜ" ಅಂತ ಸುಳ್ಳು ಹೇಳಿದೆ.

ನಾಲ್ಕನೇ ದಿನ ಅಪ್ಪನಿಗೆ ಗೊತ್ತಾಯಿತು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. "ಬಾ, ರಾಗಿ ಹೊಲದಲ್ಲಿ ಕಳೆ ಕೀಳೋದೈತೆ" ಅಂತ ಕರೆದುಕೊಂಡು ಹೋದರು. ಬದುವಿನ ಮೇಲೆ ನಿಂತು ನೋಡಿದರೆ ಹೊಲದ ತುಂಬ ಕಳೆ. "ಇದು ಯಾವಾಗಪ್ಪ ಮುಗಿಯೋದು?" ಅಂದೆ. ಅಪ್ಪ ಆಗಲೇ ಕುಕ್ಕರಗಾಲಲ್ಲಿ ಕೂತಾಗಿತ್ತು. ತಲೆ ಎತ್ತದೆ ಹೇಳಿದರು: "ಹೊಲ ನೋಡಬ್ಯಾಡ. ಸಾಲು ನೋಡು."

ಬುತ್ತಿ ಬರುವ ಹೊತ್ತಿಗೆ ಹಿಂದಿರುಗಿ ನೋಡಿದೆ. ಕಾಲು ಭಾಗ ಮುಗಿದಿತ್ತು. ಅವತ್ತು ರಾತ್ರಿ ಮಲಗಿ ಯೋಚಿಸಿದಾಗ ನನ್ನ ತಪ್ಪು ಹೊಳೆಯಿತು. ನಾನು ಕಾಲೇಜಿನಲ್ಲಿ ದಿನಾ ಹೊಲ ನೋಡುತ್ತಿದ್ದೆ, ಸಾಲು ನೋಡುತ್ತಿರಲಿಲ್ಲ.

ವಾಪಸ್ ಹೋದೆ. ಫಿಸಿಕ್ಸ್ ಪುಸ್ತಕದಿಂದ ದಿನಕ್ಕೆ ಹತ್ತೇ ಪದ ಅಂತ ಗೊತ್ತು ಮಾಡಿಕೊಂಡು ಎದುರಿಗೆ ಕನ್ನಡ ಬರೆದೆ. ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ, ಆಕ್ಸಿಲರೇಷನ್ ಅಂದರೆ ವೇಗೋತ್ಕರ್ಷ, ಮೊಮೆಂಟಮ್ ಅಂದರೆ ಸಂವೇಗ. ಅರೆ, ಇವೆಲ್ಲ ನನಗೆ ಗೊತ್ತಿದ್ದ ವಿಷಯಗಳೇ! ಹೆಸರು ಮಾತ್ರ ಹೊಸದು. ವಾರ್ಷಿಕ ಪರೀಕ್ಷೆಯಲ್ಲಿ ನನಗೇನೂ ರ‍್ಯಾಂಕು ಬರಲಿಲ್ಲ. 100ಕ್ಕೆ 54 ಬಂತು. ಆದರೆ 7ರಿಂದ ಹೊರಟವನಿಗೆ ಆ 54 ಎಷ್ಟು ದೊಡ್ಡದು ಅಂತ ನನಗೊಬ್ಬನಿಗೇ ಗೊತ್ತು.

ಮನಸ್ಸು ಯಾಕೆ ಬರುವುದಿಲ್ಲ?

ನಾವೆಲ್ಲ ಒಂದು ತಪ್ಪು ತಿಳಿದುಕೊಂಡಿದ್ದೇವೆ. ಮೊದಲು ಮನಸ್ಸು ಬರಬೇಕು, ಆಮೇಲೆ ಓದಬೇಕು ಅಂತ. ನಿಮ್ಮ ಮನೆಯಲ್ಲೇ ನೋಡಿ. ಅಮ್ಮ ಬೆಳಗಿನ ಜಾವ ಎದ್ದು ಹಸುವಿನ ಹಾಲು ಕರೆದು ಡೈರಿಗೆ ಹಾಕುತ್ತಾರೆ. "ಇವತ್ತು ಹಾಲು ಕರೆಯೋಕೆ ಮನಸ್ಸಿಲ್ಲ" ಅಂತ ಒಂದು ದಿನವಾದರೂ ಮಲಗಿದ್ದಾರಾ? ಹೊತ್ತಾಯಿತು, ಎದ್ದರು, ಕರೆದರು, ಅಷ್ಟೆ. ಓದೂ ಹಾಗೇ. ಹೊತ್ತಿಗೆ ಸರಿಯಾಗಿ ಕೂತರೆ, ಹತ್ತು ನಿಮಿಷದ ಮೇಲೆ ಮನಸ್ಸು ತಾನಾಗಿ ಹಿಂದೆ ಬರುತ್ತದೆ. ಒಂದು ಲೆಕ್ಕ ಸರಿಯಾಗಿ ಬಂದರೆ ಇನ್ನೊಂದು ಮಾಡೋಣ ಅನ್ನಿಸುತ್ತದೆ.

ಎರಡನೇ ಕಾರಣ, ಓದಿದ್ದು ಮರೆತುಹೋಗುವುದು. "ಎಷ್ಟು ಓದಿದ್ರೂ ತಲೇಲಿ ನಿಲ್ಲಲ್ಲ ಸಾರ್, ನಾನು ದಡ್ಡ" ಅನ್ನುತ್ತೀರಿ. ಮರೆವು ದಡ್ಡತನ ಅಲ್ಲ. ಜರ್ಮನಿಯಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಇದ್ದರು. ಅವರು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದರು. ಒಂದು ದಿನ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಅವರಿಗೆ ಮೊದಲಿನ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಉಳಿತಾಯವಾಯಿತು. ಅಷ್ಟು ದೊಡ್ಡ ವಿಜ್ಞಾನಿಗೇ ಹೀಗಾದರೆ ನಮ್ಮದೇನು! ಆದರೆ ಅವರು ಇನ್ನೂ ಎರಡು ವಿಷಯ ಕಂಡುಕೊಂಡರು. ಒಂದೇ ದಿನ ಗುಡ್ಡೆ ಹಾಕಿ ಓದುವುದಕ್ಕಿಂತ ಹಲವು ದಿನಕ್ಕೆ ಹಂಚಿ ಓದಿದರೆ ಕಡಿಮೆ ಶ್ರಮ ಸಾಕು. ಅರ್ಥವಿರುವುದನ್ನು ಅರ್ಥವಿಲ್ಲದ್ದಕ್ಕಿಂತ ಬಹಳ ಬೇಗ ಕಲಿಯಬಹುದು.

ಮೂರನೇ ಕಾರಣ, ಓದುವ ರೀತಿ. ಒಂದೇ ಪುಟವನ್ನು ನಾಲ್ಕು ಸಲ ಕಣ್ಣಾಡಿಸಿ "ಬಂತು" ಅಂದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಬರುವುದಿಲ್ಲ. ಆಗ ಬೇಜಾರಾಗುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರು ಮುಂದೆ! ನಮ್ಮ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ಅಲ್ಲವೇ?

ಹಾಗಾದರೆ ಏನು ಮಾಡಬೇಕು?

1. ಸಾಲು ನೋಡಿ. "ಇವತ್ತು ಗಣಿತ ಓದುತ್ತೇನೆ" ಅನ್ನಬೇಡಿ. "ಇವತ್ತು ವರ್ಗ ಸಮೀಕರಣದ 3 ಲೆಕ್ಕ ಮಾಡುತ್ತೇನೆ" ಅನ್ನಿ. ದಿನಕ್ಕೆ 3 ಲೆಕ್ಕ ಆದರೆ 100 ದಿನಕ್ಕೆ 300 ಲೆಕ್ಕ. ಹನಿ ಹನಿ ಗೂಡಿದರೆ ಹಳ್ಳ.

2. ಸಣ್ಣದಾಗಿ ಶುರು ಮಾಡಿ. ಒಂದೇ ಸಲಕ್ಕೆ ನಾಲ್ಕು ಗಂಟೆ ಓದುತ್ತೇನೆ ಅಂತ ಹಟ ಹಿಡಿದವರು ಮೂರನೇ ದಿನ ಕೈಬಿಡುತ್ತಾರೆ. ಮೊದಲ ದಿನ 10 ನಿಮಿಷ ಕೂತುಕೊಳ್ಳಿ. ದಿನಾ 2 ನಿಮಿಷ ಹೆಚ್ಚಿಸಿ. 10, 12, 14, 16... ಇದು ನೀವು ಕಲಿತ ಸಮಾಂತರ ಶ್ರೇಢಿಯೇ! 26ನೇ ದಿನ ಎಷ್ಟು ನಿಮಿಷ ಓದುತ್ತೀರಿ? 26 ದಿನಕ್ಕೆ ಒಟ್ಟು ಎಷ್ಟು? ನೀವೇ ಲೆಕ್ಕ ಮಾಡಿ. ಉತ್ತರ ಕೊನೆಯಲ್ಲಿದೆ, ಮೊದಲೇ ನೋಡಬೇಡಿ.

3. ಮುಚ್ಚಿ ಬರೆಯಿರಿ. ಥೇಲ್ಸ್ ಪ್ರಮೇಯ ತೆಗೆದುಕೊಳ್ಳಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ. ಒಮ್ಮೆ ಗಮನವಿಟ್ಟು ಓದಿ. ಪುಸ್ತಕ ಮುಚ್ಚಿ. ಚಿತ್ರ ಬರೆಯಿರಿ. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಒಂದೊಂದೇ ಬರೆಯುತ್ತಾ ಹೋಗಿ. ಎಲ್ಲಿ ನಿಂತಿತೋ ಅಲ್ಲಿ ಮಾತ್ರ ಪುಸ್ತಕ ತೆರೆದು ನೋಡಿ. ನಿಂತ ಜಾಗವೇ ನೀವು ಕಲಿಯಬೇಕಾದ ಜಾಗ. ಉಳಿದದ್ದು ನಿಮಗೆ ಆಗಲೇ ಬಂದಿದೆ.

4. ತಿರುಗಿ ನೋಡಿ. ಇವತ್ತು ಕಲಿತದ್ದನ್ನು ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ಒಂದು ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಮುಚ್ಚಿ ಬರೆದು ನೋಡಿ. ಪ್ರತಿ ಸಲ ಸಮಯ ಕಡಿಮೆ ಸಾಕಾಗುತ್ತದೆ.

5. ಜಾಗ, ಹೊತ್ತು ಗೊತ್ತು ಮಾಡಿ. ಕರೆಂಟು ಯಾವಾಗ ಹೋಗುತ್ತದೆ, ಮನೆಯಲ್ಲಿ ಟಿ.ವಿ. ಯಾವಾಗ ಹಾಕುತ್ತಾರೆ ಅಂತ ನಿಮಗೇ ಗೊತ್ತು. ಅದನ್ನು ನೋಡಿಕೊಂಡು ಹೊತ್ತು ಆರಿಸಿ. ಓದುವಾಗ ಮೊಬೈಲು ಕೈಗೆಟುಕಬಾರದು. ಇರುವುದು ಒಂದೇ ಕೋಣೆಯಾದರೆ ಅಮ್ಮನ ಕೈಗೆ ಕೊಟ್ಟುಬಿಡಿ.

6. ಜೊತೆ ಹುಡುಕಿ. ಒಬ್ಬರು ವಿಜ್ಞಾನ ಹೇಳಿಕೊಡಲಿ, ಇನ್ನೊಬ್ಬರು ಗಣಿತ. ಓಮನ ನಿಯಮವನ್ನು ಪಕ್ಕದ ಮನೆಯ ಗೆಳತಿಗೆ ನಿಮ್ಮ ಮಾತಿನಲ್ಲೇ ತಿಳಿಸಿ ಹೇಳೋಕೆ ಬಂದರೆ ಅದು ನಿಮಗೆ ಅರ್ಥವಾಗಿದೆ ಅಂತ ಲೆಕ್ಕ.

7. ನಿದ್ದೆ ಕೆಡಬೇಡಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕೇ ಬೇಕು. ರಾತ್ರಿಯೆಲ್ಲ ಎದ್ದಿದ್ದು ಹಗಲು ತರಗತಿಯಲ್ಲಿ ತೂಕಡಿಸಿದರೆ ಎರಡೂ ಹೋಯಿತು.

ನಿಂತು ಮತ್ತೆ ನಡೆದವರು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಹೆಸರು ಕೇಳಿರುತ್ತೀರಿ. ಬಡ ಮನೆಯ ಹುಡುಗ. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಬೇಕೆಂದು ಊರಿನಿಂದ ಬೆಂಗಳೂರಿಗೆ ನಡೆದೇ ಹೋದರು. 1942ರ ಚಲೇಜಾವ್ ಚಳವಳಿಯಲ್ಲಿ ಓದು ಬಿಟ್ಟು ಜೈಲು ಸೇರಿದರು. ಹೊರಗೆ ಬಂದ ಮೇಲೆ "ಇನ್ನೇನು ಓದೋದು" ಅಂತ ಕೂರಲಿಲ್ಲ. ನಿಂತಿದ್ದ ಓದನ್ನು ಮತ್ತೆ ಹಿಡಿದು ಮುಗಿಸಿದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. 2005ರಲ್ಲಿ ತೀರಿಕೊಂಡ ಅವರು ತಮ್ಮ ಜೀವನವನ್ನು 'ಹೋರಾಟದ ಹಾದಿ' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಎಲ್ಲಾದರೂ ಸಿಕ್ಕರೆ ಬಿಡದೆ ಓದಿ. ಓದು ಮಧ್ಯದಲ್ಲಿ ನಿಲ್ಲುವುದು ದೊಡ್ಡ ತಪ್ಪಲ್ಲ. ಮತ್ತೆ ಹಿಡಿಯದೇ ಇರುವುದು ತಪ್ಪು.

ಚೀಟಿ ಬರೆದವರಿಗೆ ಎರಡು ಮಾತು

ಮಗೂ, ನಿನಗೆ ಬಂದ 19ನ್ನು ನೀನು ಸೊನ್ನೆಯ ಹಾಗೆ ನೋಡುತ್ತಿದ್ದೀಯ. ಆ 19 ಅಂಕ ಯಾರೂ ದಾನ ಕೊಟ್ಟದ್ದಲ್ಲ, ನೀನೇ ಬರೆದು ಗಳಿಸಿದ್ದು. ನಿನ್ನ ಉತ್ತರ ಪತ್ರಿಕೆ ತೆಗೆದು ಮೂರು ಗುರುತು ಹಾಕು. ಬಂದು ಸರಿಯಾಗಿ ಬರೆದದ್ದು, ಬಂದಿದ್ದರೂ ತಪ್ಪು ಮಾಡಿದ್ದು, ಮುಟ್ಟದೇ ಬಿಟ್ಟದ್ದು. ಎರಡನೆಯದನ್ನು ಮೊದಲು ತಿದ್ದಿಕೋ, ಅದು ಸುಲಭ. ಮೂರನೆಯದರಲ್ಲಿ ಒಂದೊಂದೇ ಸಾಲು ಹಿಡಿ. ನಕ್ಷೆ ಬರೆದು ಸಮೀಕರಣ ಬಿಡಿಸುವುದು, ಪ್ರಮೇಯ, ಸಂಖ್ಯಾಶಾಸ್ತ್ರದ ಸರಾಸರಿ ಇವುಗಳಿಂದ ಶುರು ಮಾಡು. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಇವು ಮತ್ತೆ ಮತ್ತೆ ಬಂದಿವೆ.

ಇನ್ನು ಗಾರ್ಮೆಂಟ್ಸಿನ ಮಾತು. ಅಲ್ಲಿ ದುಡಿಯುವುದು ಅವಮಾನವಲ್ಲ. ನಮ್ಮೂರಿನ ಎಷ್ಟೋ ಅಕ್ಕಂದಿರು ಅಲ್ಲಿ ದುಡಿದೇ ತಮ್ಮ ತಂಗಿಯರನ್ನು ಓದಿಸುತ್ತಿದ್ದಾರೆ. ಆದರೆ ಓದು ಬಿಟ್ಟು ಹೋಗುವುದು ಬೇರೆ, ಓದಿ ಮುಗಿಸಿ ನಿನ್ನ ಇಷ್ಟದ ಕೆಲಸ ಆರಿಸಿಕೊಳ್ಳುವುದು ಬೇರೆ. ನಿಮ್ಮಪ್ಪನ ಮಾತಿನಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿದೆ ಅಂತ ನನಗನ್ನಿಸುತ್ತದೆ. ಬೇಕಾದರೆ ಭಾನುವಾರ ನಾನೇ ನಿಮ್ಮ ಮನೆಗೆ ಬಂದು ಅವರ ಹತ್ತಿರ ಮಾತಾಡುತ್ತೇನೆ. ಚೀಟಿಯಲ್ಲಿ ಹೆಸರು ಬರೆದು ಹಾಕು, ಸಾಕು. ಹೆಸರು ಹೇಳೋಕೆ ಸಂಕೋಚ ಆದರೆ ಅದೂ ಬೇಡ. ನಾಳೆಯಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಾನು ಹತ್ತನೇ ತರಗತಿಯ ಕೋಣೆಯಲ್ಲೇ ಇರುತ್ತೇನೆ. ಯಾರು ಬೇಕಾದರೂ ಬರಬಹುದು, 3 ಲೆಕ್ಕ ಮಾಡಿಕೊಂಡು ಹೋಗಬಹುದು. ಯಾಕೆ ಬಂದೆ ಅಂತ ಯಾರನ್ನೂ ಕೇಳುವುದಿಲ್ಲ.

ನೆನಪಿಡಿ: ಹೊಲ ನೋಡಬ್ಯಾಡಿ, ಸಾಲು ನೋಡಿ.

ನಿಮ್ಮ ಏಳಿಗೆ ಬಯಸುವ,
ಗಣಿತ ಮೇಷ್ಟ್ರು

(ಲೆಕ್ಕದ ಉತ್ತರ: 26ನೇ ದಿನ 60 ನಿಮಿಷ, ಅಂದರೆ ಸರಿಯಾಗಿ ಒಂದು ಗಂಟೆ. 26 ದಿನಕ್ಕೆ ಒಟ್ಟು 910 ನಿಮಿಷ, ಅಂದರೆ 15 ಗಂಟೆ 10 ನಿಮಿಷ. ಸರಿ ಬಂದವರು ಕೆಳಗಿನ ಖಾಲಿ ಜಾಗದಲ್ಲಿ ಸೂತ್ರ ಬರೆದು ಸಹಿ ಹಾಕಿ.)