ನೆಗೆಟಿವ್ ಮುಟ್ಟುವ ಮುನ್ನ

ಹಳೆಯ ಧಾರಾವಾಹಿಗಳನ್ನು ಮೂಲ ಫಿಲ್ಮಿನಿಂದ ಹೊಸದಾಗಿ ಎತ್ತುವ ಕೆಲಸಕ್ಕೆ ಸೇರಿದ್ದೀಯ ಎಂದು ಕೇಳಿ ಬಹಳ ಖುಷಿಯಾಯಿತು, ಮಗು. ಸ್ಕ್ಯಾನರ್ ನಡೆಸುವುದನ್ನು ಅಲ್ಲಿಯವರು ಕಲಿಸುತ್ತಾರೆ. ನಾನು ಹೇಳುವುದಿಷ್ಟೆ: ಪರದೆಯ ಮೇಲೆ ಕಾಣುವುದರಲ್ಲಿ ಮಾಡಿದವರು ಬೇಕೆಂದೇ ಇಟ್ಟದ್ದು ಯಾವುದು, ಕಾಲವೂ ಟೇಪೂ ಮೆತ್ತಿದ ಕೊಳೆ ಯಾವುದು ಎಂದು ಗುರುತು ಹಿಡಿದ ಮೇಲೆಯೇ ಕೈ ಹಾಕು.

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ಗೆ ಏನು ಮಾಡಿದರೆಂದು ಬಿಡುವಾದಾಗ ಓದು. 1987ರಿಂದ 1994ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಆ ಸರಣಿಯನ್ನು ಚಿತ್ರೀಕರಿಸಿದ್ದು 35 ಎಂಎಂ ಫಿಲ್ಮಿನಲ್ಲಿ. ಆದರೆ ಎಡಿಟಿಂಗ್ ನಡೆದದ್ದು ವಿಡಿಯೊ ಟೇಪಿನಲ್ಲಿ; ಗಗನನೌಕೆಯ ದೃಶ್ಯಗಳನ್ನು ಪದರಪದರವಾಗಿ ಕೂಡಿಸಿದ್ದೂ ಅಲ್ಲೇ. ಹಾಗಾಗಿ ಕತ್ತರಿಸಿ ಜೋಡಿಸಿದ ನೆಗೆಟಿವ್ ಎಂಬುದೇ ಇರಲಿಲ್ಲ. 2012ರಿಂದ ಬ್ಲೂ-ರೇಗೆ ತರುವಾಗ ರಾಶಿ ರಾಶಿ ಡಬ್ಬಿ ತೆರೆದು, ಪ್ರಸಾರವಾದ ಕಂತನ್ನು ಪಕ್ಕದಲ್ಲಿಟ್ಟುಕೊಂಡು, ಅಷ್ಟೂ ಟೇಕುಗಳ ನಡುವೆ ಅಂದು ಬಳಸಿದ್ದ ಟೇಕನ್ನೇ ಹುಡುಕಿ, ಅದೇ ಫ್ರೇಮಿಗೆ ಕತ್ತರಿಸಿದರು. ನೌಕೆಯ ಮಾದರಿಯ ಮೈಬೆಳಕನ್ನು ಒಮ್ಮೆ, ಕಿಟಕಿಯ ದೀಪಗಳನ್ನು ಇನ್ನೊಮ್ಮೆ ಕ್ಯಾಮೆರಾ ಓಡಿಸಿ ತೆಗೆದಿದ್ದರಲ್ಲ, ಆ ತುಣುಕುಗಳನ್ನು ಸ್ಕ್ಯಾನ್ ಮಾಡಿ ಮತ್ತೆ ಕೂಡಿಸಿದರು. ಕಂಪ್ಯೂಟರಿನಲ್ಲಿ ಹೊಸ ನೌಕೆಯನ್ನೇ ಬರೆದುಬಿಡಬಹುದಿತ್ತು. ಬಹುಮಟ್ಟಿಗೆ ಹಾಗೆ ಮಾಡಲಿಲ್ಲ. ಆ ತಾಳ್ಮೆಗೆ ಕೈಮುಗಿಯಬೇಕು.

ಚಿತ್ರದ ಆಕಾರವನ್ನೂ ಅವರು 4:3ರಲ್ಲೇ ಉಳಿಸಿದರು. ನೆಗೆಟಿವಿನ ಅಂಚಿನಲ್ಲಿ ಲೈಟೂ ಸ್ಟ್ಯಾಂಡೂ ಇಣುಕುತ್ತವೆ. ಫಿಲ್ಮಿನಲ್ಲಿ ಇರುವುದೆಲ್ಲ ನೋಡುಗರಿಗೆಂದು ಇಟ್ಟದ್ದಲ್ಲ. ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಸರಣಿಯ ಅಗಲ ಪರದೆಯ ಎಚ್‌ಡಿ ಆವೃತ್ತಿ ಎಡವಿದ್ದು ಇಲ್ಲೇ. ಶೂಟಿಂಗ್ ಸಿಬ್ಬಂದಿ ಫ್ರೇಮಿನೊಳಗೆ ಕಾಣಿಸಿಕೊಂಡರು. ಕೆಲವು ದೃಶ್ಯಗಳಲ್ಲಿ ಇರುಳಿನ ಛಾಯೆಯೇ ಬಿಟ್ಟುಹೋಗಿ, ಬಿಸಿಲು ತಾಗಿದರೆ ಬೂದಿಯಾಗಬೇಕಾದ ರಕ್ತಪಿಶಾಚಿಗಳು ಹಾಡಹಗಲಲ್ಲಿ ನಿಂತಂತಾಯಿತು. ಅಂಥ ಛಾಯೆ ನೆಗೆಟಿವಿನಲ್ಲಿ ಇರುವುದಿಲ್ಲ, ಆಮೇಲೆ ಬಣ್ಣ ತಿದ್ದುವಾಗ ಬರುವುದು. ಹಳೆಯ ಟೇಪು ಮಂಕಾಗಿದೆ ಎಂದು ಮೂಲೆಗೆ ಎಸೆಯಬೇಡ ಎನ್ನುವುದು ಅದಕ್ಕೇ. ಯಾವ ಟೇಕು, ಎಲ್ಲಿ ಕತ್ತರಿ, ಎಷ್ಟು ಕತ್ತಲೆ ಎನ್ನುವುದಕ್ಕೆ ನಿನಗಿರುವ ಸಾಕ್ಷಿ ಅದೊಂದೇ.

ದೂಳು, ಗೀರು ತೆಗೆ. ಗ್ರೇನ್ ತೆಗೆಯಬೇಡ. ಮುಖದ ಸುಕ್ಕು, ಬಟ್ಟೆಯ ನೂಲು ಎಲ್ಲವೂ ಆ ಕಣಗಳಿಂದಲೇ ಮೂಡಿದ್ದು. ಉಜ್ಜಿದಷ್ಟೂ ನಟರು ಮೇಣದ ಗೊಂಬೆಗಳಾಗುತ್ತಾರೆ. ‘ನುಣ್ಣಗೆ ಮಾಡಿಕೊಡಿ’ ಎಂದು ಮೇಲಿನವರು ಒತ್ತಾಯಿಸಿದರೆ ಎರಡೂ ಬಗೆಯಲ್ಲಿ ಮಾಡಿ ದೊಡ್ಡ ಪರದೆಯಲ್ಲಿ ತೋರಿಸು. ವಾದಕ್ಕಿಂತ ಅದು ಬೇಗ ಮನಸ್ಸಿಗೆ ಇಳಿಯುತ್ತದೆ.

ಎಷ್ಟು ಹುಡುಕಿದರೂ ಕೆಲವು ಶಾಟುಗಳ ಫಿಲ್ಮು ಸಿಗುವುದಿಲ್ಲ. ‘ನೆಕ್ಸ್ಟ್ ಜನರೇಷನ್’ನವರಿಗೂ ಸಿಗದೆ, ಅಂಥವನ್ನು ಟೇಪಿನಿಂದಲೇ ಹಿಗ್ಗಿಸಿ ಹಾಕಿದ್ದರು. ನೀನೂ ಹಾಗೆ ಮಾಡಬೇಕಾಗಿ ಬಂದರೆ ಸಂಕೋಚಪಡಬೇಡ. ಆದರೆ ಯಾವ ಕಂತು, ಯಾವ ಶಾಟು, ಎಷ್ಟು ಫ್ರೇಮು ಎಂದು ಬರೆದು ಸ್ಕ್ಯಾನಿನ ಜೊತೆಗೇ ಇಡು. ಮುಂದೆಂದೋ ಆ ಡಬ್ಬಿ ಸಿಕ್ಕವರಿಗೆ ಎಲ್ಲಿ ಸೇರಿಸಬೇಕೆಂದು ತಿಳಿಯಬೇಕಲ್ಲ.