ಉಗುರಿನ ಫಂಗಸ್: ಇದು ಎರಡು ಸೆಮಿಸ್ಟರಿನ ಸಬ್ಜೆಕ್ಟು

ಮಳೆಗಾಲ ಬಂತು ಅಂದ್ರೆ ತುಮಕೂರಿನ ನಮಗೆಲ್ಲ ದೇವರಾಯನದುರ್ಗ ಮಾಮೂಲಿ. ನಾಮದ ಚಿಲುಮೆ ನೋಡಿ, ಭೋಗ ನರಸಿಂಹನಿಗೆ ಕೈಮುಗಿದು, ಬೆಟ್ಟದ ಮೇಲಿನ ಯೋಗ ನರಸಿಂಹನ ಗುಡಿವರೆಗೂ ಹತ್ತಿ ಬರ್ತೀವಿ. ರಾತ್ರಿ ಒದ್ದೆ ಶೂ ಹಾಸ್ಟೆಲ್ ಮಂಚದ ಕೆಳಗೆ ಸೇರುತ್ತೆ. ಬೆಳಿಗ್ಗೆ ಅದೇ ಶೂ ಹಾಕ್ಕೊಂಡು ಲ್ಯಾಬ್‌ಗೆ ಓಡ್ತೀವಿ. ಕತ್ತಲು, ಬೆಚ್ಚಗಿನ ಗಾಳಿ, ತೇವ: ಫಂಗಸ್‌ಗೆ ಬೇಕಾಗಿರೋದು ಇಷ್ಟೇ.

ಉಗುರಿಗೆ ಹತ್ತುವ ಫಂಗಸ್‌ಗಳಲ್ಲಿ ಹೆಚ್ಚು ಕಾಣಿಸೋದು ಟ್ರೈಕೋಫೈಟಾನ್ ರುಬ್ರಮ್. ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಎಷ್ಟೋ ಸಲ ಮೊದಲು ಬೆರಳುಸಂದಿಯ ಚರ್ಮ ಸುಲಿದು ತುರಿಸುತ್ತೆ. ಆಮೇಲೆ ಉಗುರು ತುದಿಯಿಂದ ಹಳದಿಯಾಗಿ, ದಪ್ಪಗಾಗಿ, ಪುಡಿಪುಡಿ ಉದುರುತ್ತೆ. ಸಾಮಾನ್ಯವಾಗಿ ನೋವಿರಲ್ಲ, ಹಾಗಾಗಿ ನಾವು ತಲೆಕೆಡಿಸಿಕೊಳ್ಳಲ್ಲ.

ಹಾಗಂತ ಕೆಟ್ಟ ಉಗುರೆಲ್ಲ ಫಂಗಸ್ ಅಲ್ಲ. ಬೆಟ್ಟ ಇಳಿಯುವಾಗ ಬೆರಳು ಶೂ ತುದಿಗೆ ಬಡಿದು ಉಗುರು ಕಪ್ಪಾದರೆ ಅದು ಹೆಪ್ಪುಗಟ್ಟಿದ ರಕ್ತ. ಉಗುರು ಬೆಳೆದ ಹಾಗೆ ಮುಂದಕ್ಕೆ ಸರಿಯುತ್ತೆ. ಅಜ್ಜಿ ನಿಂಬೆಹಣ್ಣು ಸಿಕ್ಕಿಸುವ ಉಗುರುಸುತ್ತು ಬೇರೆ, ಅಲ್ಲಿ ಊದಿಕೊಳ್ಳೋದು ಉಗುರಿನ ಸುತ್ತಲಿನ ಚರ್ಮ. ಸೋರಿಯಾಸಿಸ್‌ನಲ್ಲೂ ಉಗುರು ಹೀಗೇ ಹಾಳಾಗಬಹುದು. ಆದ್ದರಿಂದ ಮೊದಲು ಪರೀಕ್ಷೆ. ಉಗುರಿನ ಚೂರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟರೆ ಕೆರಾಟಿನ್ ಕರಗುತ್ತೆ, ಫಂಗಸ್‌ನ ಎಳೆಗಳು ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಕೆಮಿಸ್ಟ್ರಿ ಲ್ಯಾಬಿನ ಅದೇ ಕೆಓಎಚ್!

ತುದಿಯಲ್ಲಿ ಮಾತ್ರ ಇದ್ದರೆ ಶೇ. 5ರ ಅಮೊರೊಲ್ಫಿನ್‌ನಂಥ ಔಷಧವನ್ನು ನೇಲ್ ಪಾಲಿಶ್ ತರಹ ವಾರಕ್ಕೆ ಒಂದೆರಡು ಸಲ ಹಚ್ಚೋದು ಸಾಕಾಗಬಹುದು. ಬುಡದವರೆಗೆ ಹಬ್ಬಿದ್ದರೆ ಮಾತ್ರೆ ಬೇಕು. ಟರ್ಬಿನಾಫಿನ್ 250 ಮಿ.ಗ್ರಾಂ. ದಿನಕ್ಕೊಂದರಂತೆ ಕೈ ಉಗುರಿಗೆ 6 ವಾರ, ಕಾಲಿಗೆ 12 ವಾರ ಕೊಡೋದು ರೂಢಿ. ಇದು ಅಪರೂಪಕ್ಕೆ ಲಿವರ್‌ಗೆ ತೊಂದರೆ ಮಾಡಬಹುದು. ಅದಕ್ಕೇ ಡಾಕ್ಟರು ರಕ್ತಪರೀಕ್ಷೆ ಮಾಡಿಸ್ತಾರೆ. ರೂಮ್‌ಮೇಟ್‌ನ ಚೀಟಿ ತೋರಿಸಿ ಮಾತ್ರೆ ತರೋದು ಬೇಡ. ಸ್ಟೆರಾಯ್ಡ್ ಬೆರೆಸಿದ ಕ್ರೀಮೂ ಬೇಡ: ತುರಿಕೆ ನಿಲ್ಲುತ್ತೆ, ಫಂಗಸ್ ಅಲ್ಲೇ ಉಳಿಯುತ್ತೆ.

12 ವಾರ ಮಾತ್ರೆ ನುಂಗಿದ ಮೇಲೂ ಉಗುರು ಹಳದಿಯಾಗೇ ಇದ್ದರೆ ಔಷಧ ಫೇಲ್ ಆಯ್ತು ಅಂತಲ್ಲ. ಹಾಳಾದ ಉಗುರು ರಿಪೇರಿ ಆಗಲ್ಲ; ಬುಡದಿಂದ ಹೊಸದು ಬಂದು ಅದನ್ನು ಹೊರಗೆ ತಳ್ಳಬೇಕು. ಕಾಲಿನ ಉಗುರು ತಿಂಗಳಿಗೆ ಬೆಳೆಯೋದು ಸುಮಾರು 1.5 ಮಿ.ಮೀ. ಹೆಬ್ಬೆರಳಿನ ಉಗುರು 18 ಮಿ.ಮೀ. ಅಂತ ಇಟ್ಟುಕೊಂಡರೆ 12 ತಿಂಗಳು, ಅಂದರೆ ಎರಡು ಸೆಮಿಸ್ಟರ್. ನಮ್ಮಲ್ಲಿ ಬಹಳ ಜನ ಸೋಲೋದು ಈ ಲೆಕ್ಕ ಗೊತ್ತಿಲ್ಲದೆ, ಮಧ್ಯದಲ್ಲೇ ಕೈಬಿಟ್ಟು.

ವಾಸಿಯಾದ ಮೇಲೂ ಅದು ಮರಳಿ ಬರುತ್ತೆ, ಯಾಕಂದ್ರೆ ಶೂ, ಸಾಕ್ಸ್, ಬಾತ್‌ರೂಮ್ ನೆಲ ಎಲ್ಲ ಹಳೆಯವೇ. ಹಾಗಾಗಿ:

• ಎರಡು ಜೊತೆ ಶೂ ಇದ್ದರೆ ದಿನ ಬಿಟ್ಟು ದಿನ ಹಾಕೋಣ. ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ, ಗಾಳಿಗಿಟ್ಟು ಪೂರ್ತಿ ಒಣಗಿಸೋಣ.
• ಸಾಕ್ಸ್ ದಿನಾ ಬದಲಾಯಿಸಿ, ಬಿಸಿನೀರಲ್ಲಿ ಒಗೆಯೋಣ.
• ಹಾಸ್ಟೆಲ್ ಬಾತ್‌ರೂಮಿಗೆ ಚಪ್ಪಲಿ ಹಾಕಿಯೇ ಹೋಗೋಣ. ಬಂದು ಬೆರಳುಸಂದಿ ಒರೆಸಿಕೊಳ್ಳೋಣ.
• ನೇಲ್ ಕಟರ್, ಟವೆಲ್ ನಮ್ಮದು ನಮಗೇ.
• ಬೆರಳುಸಂದಿ ತುರಿಸಿದರೆ ಆಗಲೇ ತೋರಿಸೋಣ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತಾರಲ್ಲ, ಇಲ್ಲಿ ಆ ಗಾದೆ ಅಕ್ಷರಶಃ ನಿಜ.

ಇನ್ನೊಂದು ಮಾತು. ರಜೆಗೆ ಗುಬ್ಬಿಗೋ ಕುಣಿಗಲ್‌ಗೋ ಹೋದಾಗ ಮನೆಯಲ್ಲಿ ಶುಗರ್ ಇರೋ ಹಿರಿಯರ ಕಾಲನ್ನೂ ಒಮ್ಮೆ ನೋಡೋಣ. ಅವರಿಗೆ ಸ್ಪರ್ಶ ಕಮ್ಮಿಯಾಗಿರಬಹುದು, ಗಾಯ ಬೇಗ ಮಾಯಲ್ಲ. ದಪ್ಪಗಾದ ಉಗುರು ಒತ್ತಿ ಹುಣ್ಣಾದರೂ ಗೊತ್ತಾಗದೇ ಹೋಗಬಹುದು. ನಮಗೆ ಅದು ಬರೀ ಅಸಹ್ಯ, ಅವರಿಗೆ ಅಪಾಯ.