ಕಲಿಕಾ ದಿನಚರಿ: ವಯಸ್ಕರು ತಮ್ಮ ಕಲಿಕೆಯನ್ನು ತಾವೇ ಅಳೆಯುವ ಬಗೆ

ಬೋಧನಾಭ್ಯಾಸದ ಜೊತೆಗೆ ಗಂಗಾವತಿಯ ಒಂದು ಸಂಜೆ ಸಾಕ್ಷರತಾ ಕೇಂದ್ರದಲ್ಲಿ ನಾನು ಕಲಿಕಾ ದಿನಚರಿಯನ್ನು ಬಳಸಿ ನೋಡಿದೆ. ಕಲಿಕಾರ್ಥಿಗಳು ಭತ್ತದ ನಾಟಿ, ಕಳೆ ಕೆಲಸಕ್ಕೆ ಹೋಗುವ ಮಹಿಳೆಯರು.

ಹಿನ್ನೆಲೆ: ಸ್ವಮೌಲ್ಯಮಾಪನ ವಯಸ್ಕರ ಶಿಕ್ಷಣಕ್ಕೆ ಹೊಸದಲ್ಲ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್‌ನ ಮೂರು ಪ್ರೈಮರ್‌ಗಳಲ್ಲೇ ಕಲಿಕಾರ್ಥಿ ತನ್ನನ್ನು ಪರೀಕ್ಷಿಸಿಕೊಳ್ಳುವ ಪುಟಗಳಿದ್ದವು. ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದುವುದು, 7 ಪದ ನೋಡಿ ಬರೆಯುವುದು ಅದರ ಮಾನದಂಡಗಳಲ್ಲಿದ್ದವು. ಈ ಅಳತೆ ತಲುಪಬೇಕಾದ ಮಟ್ಟವನ್ನು ಹೇಳುತ್ತದೆ. ಇಂದು ಏನು ಬಂತು, ಎಲ್ಲಿ ತಡೆಯಿತು ಎಂಬುದನ್ನು ದಿನಚರಿ ಹೇಳುತ್ತದೆ.

ವಿಧಾನ: ಈಗಷ್ಟೇ ಅಕ್ಷರ ಕಲಿಯುತ್ತಿರುವವರಿಗೆ ಪುಟ ತುಂಬ ಬರೆಯಿರಿ ಎನ್ನಲಾಗದು. ಆದ್ದರಿಂದ ಮೂರೇ ಕಲಂ: ದಿನಾಂಕ, ಇಂದು ಕಲಿತ ಒಂದು ಪದ ಅಥವಾ ಲೆಕ್ಕ, ಗುರುತು. ತಾನೇ ಮಾಡಬಲ್ಲೆ ಎಂದರೆ ತುಂಬಿದ ವೃತ್ತ, ನೆರವು ಬೇಕೆಂದರೆ ಅರ್ಧ ತುಂಬಿದ್ದು, ಬರಲಿಲ್ಲವೆಂದರೆ ಖಾಲಿ.

ಗಮನಿಸಿದ್ದು: ಮೊದಲ ದಿನಗಳಲ್ಲಿ ಎಲ್ಲರೂ ವೃತ್ತ ತುಂಬಿದರು, ಖಾಲಿ ಬಿಟ್ಟರೆ ನನಗೆ ಬೇಸರವಾದೀತೆಂಬ ಸಂಕೋಚ. "ಖಾಲಿ ಇದ್ದಲ್ಲಿಂದಲೇ ನಾಳೆಯ ಪಾಠ" ಎಂದು ಹೇಳಿ ಹಾಗೆಯೇ ನಡೆಸಿದ ಮೇಲೆ ಗುರುತುಗಳು ಬದಲಾದವು. "ಅಕ್ಕೋರ, ಕೂಲಿ ಲೆಕ್ಕ ಬಾಯಾಗ ಬರ್ತೈತಿ, ಹಾಳಿ ಮ್ಯಾಲ ಬರಂಗಿಲ್ಲ" ಎಂದು ಒಬ್ಬರು ಅರ್ಧ ವೃತ್ತ ತುಂಬಿದರು. ಅಂಕಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಮರುದಿನ ಒಂದು ವಾರದ ಕೂಲಿಯನ್ನೇ ಕೂಡುವ ಲೆಕ್ಕವಾಗಿ ತೆಗೆದುಕೊಂಡೆ.

ಸಲಹೆ: ದಿನಚರಿಗೆ ಅಂಕ ಕೊಡಬಾರದು, ಕೆಂಪು ಶಾಯಿ ಹಚ್ಚಬಾರದು. ವಾರಕ್ಕೊಮ್ಮೆ ಹಳೆಯ ಪುಟವನ್ನು ಅವರೇ ಓದಿ ಗುರುತು ತಿದ್ದಿಕೊಳ್ಳಲಿ. ನಾಟಿ, ಸುಗ್ಗಿಯಲ್ಲಿ ತರಗತಿ ತಪ್ಪಿದವರಿಗೆ ಎಲ್ಲಿಂದ ಮುಂದುವರಿಯಬೇಕೆಂದು ಆ ಪುಟವೇ ತೋರಿಸುತ್ತದೆ.